ಒಂದು ನಿಯಮದ ಹುಟ್ಟು

ನಾನು ಬಹುಕಾಲ ಇಂಗ್ಲಿಷ್ ಪಾಠ ಹೇಳಿದವನು. ಒಮ್ಮೆ ಒಬ್ಬ ಹುಡುಗ ತನ್ನ ಪ್ರಬಂಧದಲ್ಲಿ ‘ಲೆಸ್ ಬುಕ್ಸ್’ ಎಂದು ಬರೆದಿದ್ದ. ಎಣಿಸುವುದಕ್ಕೆ ‘ಫ್ಯೂಅರ್’, ಅಳೆಯುವುದಕ್ಕೆ ‘ಲೆಸ್’. ಪುಸ್ತಕಕ್ಕೆ ಅದು, ಹಾಲಿಗೆ ಇದು ಎಂದು ಇಡೀ ತರಗತಿಯೆದುರು ಅವನನ್ನು ನಿಲ್ಲಿಸಿ ತಿದ್ದಿದೆ. ಉಳಿದವರು ನಕ್ಕರು. ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಹಾಲು ಕಡಿಮೆ, ಪುಸ್ತಕವೂ ಕಡಿಮೆ ಎನ್ನುವ ಕನ್ನಡದಿಂದ ಅವನು ಬಂದವನೆಂಬುದು ನನಗೆ ಹೊಳೆಯಲಿಲ್ಲ. ನಿಯಮ ನನ್ನ ಕಡೆಗಿತ್ತು.

ಆ ನಿಯಮದ ಮೂಲವನ್ನು ನಾನು ಹುಡುಕಿದ್ದು ನಿವೃತ್ತನಾದ ಮೇಲೆ. ಒಂಬತ್ತನೆಯ ಶತಮಾನದ ಆಲ್‌ಫ್ರೆಡ್ ದೊರೆಯ ಹೆಸರಿನಲ್ಲಿ ಬಂದಿರುವ ಬೊಯೀಥಿಯಸನ ಅನುವಾದದಲ್ಲಿ ‘ಲೆಸ್’ ಪದದ ಹಳೆಯ ರೂಪವು ಮಾತುಗಳ ಎಣಿಕೆಯನ್ನು ಕುರಿತೇ ಬಂದಿದೆ. ಅಂದು ಅದರ ಜೊತೆಯ ನಾಮಪದ ಷಷ್ಠೀ ವಿಭಕ್ತಿಯ ಬಹುವಚನದಲ್ಲಿ ನಿಲ್ಲುತ್ತಿತ್ತು. ಕಾಲಕ್ರಮದಲ್ಲಿ ಆ ಪ್ರತ್ಯಯ ಅಳಿಯಿತು. ಪ್ರಯೋಗ ಮಾತ್ರ ಉಳಿದುಬಂತು.

ಇದಕ್ಕೆ ಆಕ್ಷೇಪವೆತ್ತಿದವರಲ್ಲಿ ನಮಗೆ ತಿಳಿದಿರುವ ಮೊದಲಿಗ ರಾಬರ್ಟ್ ಬೇಕರ್. 1770ರಲ್ಲಿ ಪ್ರಕಟವಾದ, ಇಂಗ್ಲಿಷ್ ಭಾಷೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಆತ ‘ನೋ ಲೆಸ್ ದ್ಯಾನ್ ಎ ಹಂಡ್ರೆಡ್’ ಎಂಬುದಕ್ಕಿಂತ ‘ನೋ ಫ್ಯೂಅರ್’ ಎಂಬುದೇ ಹೆಚ್ಚು ಸೊಗಸು, ಹೆಚ್ಚು ಸಮರ್ಪಕ ಎಂದು ತನಗೆ ತೋರುವುದಾಗಿ ಹೇಳಿದ. ‘ತನಗೆ ತೋರುವುದಾಗಿ’ ಎಂಬುದನ್ನು ಗಮನಿಸಬೇಕು. ಮುಂದೆ ಬಂದ ವ್ಯಾಕರಣಕಾರರು ಆ ವಿನಯವನ್ನು ಬಿಟ್ಟು ಅಭಿಪ್ರಾಯವನ್ನು ಮಾತ್ರ ಉಳಿಸಿಕೊಂಡರು, ಅಭಿರುಚಿ ಶಾಸನವಾಯಿತು. ಬೇಕರ್ ತಿದ್ದಿದ ಪ್ರಯೋಗವೇನೋ ಇಂದಿಗೂ ಶಿಷ್ಟ ಬರಹದಲ್ಲಿ ನಡೆದೇ ಇದೆ. ದೂರ, ಕಾಲ, ಹಣಗಳನ್ನು ಹೇಳುವಾಗ ಕಟ್ಟುನಿಟ್ಟಿನವರೂ ‘ಲೆಸ್’ ಎನ್ನುತ್ತಾರೆ. ಆದರೂ ನಿಯಮದ ಅಂಜಿಕೆ ದೊಡ್ಡದು. 2008ರಲ್ಲಿ ಬ್ರಿಟನ್ನಿನ ಟೆಸ್ಕೋ ಮಳಿಗೆಗಳು ‘ಹತ್ತು ವಸ್ತು ಅಥವಾ ಕಡಿಮೆ’ ಎಂಬರ್ಥದ ಫಲಕವನ್ನು ‘ಹತ್ತು ವಸ್ತುಗಳವರೆಗೆ’ ಎಂದು ಬದಲಿಸಲು ಹೊರಟವು. ಜಗಳದ ಎರಡು ಪದಗಳೂ ಬೇಡವಾದವು!

ಹಾಗೆಂದು ಈ ಭೇದವನ್ನು ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಇಂದು ಶಿಷ್ಟ ಬರಹ ಅದನ್ನು ನಿರೀಕ್ಷಿಸುತ್ತದೆ. ಅದನ್ನರಿಯದ ವಿದ್ಯಾರ್ಥಿಗೆ ನಷ್ಟವುಂಟು. ಆದರೆ ಸಂಪ್ರದಾಯವನ್ನು ಸಂಪ್ರದಾಯವೆಂದೇ ಕಲಿಸಬೇಕು. ಅದನ್ನು ಮೀರಿದವನನ್ನು ದಡ್ಡನೆಂದು ನಿಲ್ಲಿಸಬಾರದು. ಆ ಹುಡುಗನ ಪುಟದಲ್ಲಿ ನಾನು ಕೆಂಪು ಗೆರೆಯೆಳೆದದ್ದು ಎರಡಕ್ಷರದ ಒಂದು ಪದದ ಕೆಳಗೆ. ಅದೇ ಪುಟದಲ್ಲಿ ಅವನು ಏನನ್ನು ಹೇಳಹೊರಟಿದ್ದನೆಂಬುದು ಇಂದು ನನಗೆ ನೆನಪಿಲ್ಲ.