ಜೀವಶಾಸ್ತ್ರ ಪದವಿಯ ನಂತರ ಅರಣ್ಯಶಾಸ್ತ್ರ ಸ್ನಾತಕೋತ್ತರ ಪದವಿ: ಮಾಹಿತಿ

ಪೀಠಿಕೆ
ಮದ್ದೂರು ತಾಲ್ಲೂಕಿನ ವೈದ್ಯನಾಥಪುರ ಹಾಗೂ ಸುತ್ತಲಿನ ಗ್ರಾಮಗಳಿಂದ ಮದ್ದೂರು, ಮಂಡ್ಯ ಅಥವಾ ಮೈಸೂರಿನ ಕಾಲೇಜುಗಳಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ (ಸಿ.ಬಿ.ಝಡ್.) ಓದುವ ವಿದ್ಯಾರ್ಥಿಗಳು ಮುಂದೆ ಅರಣ್ಯಶಾಸ್ತ್ರ ವ್ಯಾಸಂಗ ಮಾಡಬಹುದು. ಆದರೆ ಎಲ್ಲ ಸಂಸ್ಥೆಗಳೂ ಈ ಪದವಿಯನ್ನು ಪರಿಗಣಿಸುವುದಿಲ್ಲ. ಪದವಿಗೆ ಸೇರುವ ಮೊದಲೇ ಈ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯಕ.

1. ಎರಡು ಮಾರ್ಗಗಳು
ಅ) ದ್ವಿತೀಯ ಪಿಯುಸಿ ನಂತರ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಶಿರಸಿ ಅಥವಾ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ 4 ವರ್ಷಗಳ ಬಿ.ಎಸ್ಸಿ. (ಅರಣ್ಯಶಾಸ್ತ್ರ), ತದನಂತರ 2 ವರ್ಷಗಳ ಎಂ.ಎಸ್ಸಿ. ಕೃಷಿಕ ಕುಟುಂಬದ ಅಭ್ಯರ್ಥಿಗಳಿಗೆ ಈ ಪದವಿಯಲ್ಲಿ ಪ್ರತ್ಯೇಕ ಕೋಟಾ ಇರುತ್ತದೆ.
ಆ) 3 ವರ್ಷಗಳ ಬಿ.ಎಸ್ಸಿ. ನಂತರ 2 ವರ್ಷಗಳ ಎಂ.ಎಸ್ಸಿ. (ಅರಣ್ಯಶಾಸ್ತ್ರ).

2. ಅರ್ಹತೆ
ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. (ಅರಣ್ಯಶಾಸ್ತ್ರ) ಪ್ರವೇಶಕ್ಕೆ ಸಾಮಾನ್ಯವಾಗಿ 4 ವರ್ಷಗಳ ಅರಣ್ಯ ಅಥವಾ ಸಂಬಂಧಿತ ಕೃಷಿ ವಿಜ್ಞಾನ ಪದವಿ ಬೇಕಾಗುತ್ತದೆ. ಸಿ.ಬಿ.ಝಡ್. ಪದವೀಧರರಿಗೆ ಇರುವ ಪ್ರಮುಖ ಅವಕಾಶವೆಂದರೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ. 1906ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಗೆ 1991ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನಮಾನ ದೊರೆಯಿತು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಮುಂತಾದ ನಿಗದಿತ ವಿಜ್ಞಾನ ವಿಷಯಗಳಲ್ಲಿ ಕನಿಷ್ಠ ಒಂದನ್ನು ಪದವಿಯಲ್ಲಿ ಓದಿದವರು ಅರ್ಹರು. ಆಯ್ಕೆಯು ಪ್ರವೇಶ ಪರೀಕ್ಷೆಯ ಮೂಲಕ ನಡೆಯುತ್ತದೆ. ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯ (1982) ನಿರ್ವಹಣಾ ಶಿಕ್ಷಣಕ್ಕೆ ಯಾವುದೇ ವಿಷಯದ ಪದವೀಧರರು ಅರ್ಜಿ ಸಲ್ಲಿಸಬಹುದು.

3. ಉದ್ಯೋಗ ಸಂಬಂಧ ಗಮನಿಸಬೇಕಾದ ಅಂಶ
ರಾಜ್ಯದ ವಲಯ ಅರಣ್ಯಾಧಿಕಾರಿ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಮೀಸಲಾದ ಪಾಲು ಬಿ.ಎಸ್ಸಿ. (ಅರಣ್ಯಶಾಸ್ತ್ರ) ಪದವಿಯನ್ನು ಆಧರಿಸಿದೆ. ಎಂ.ಎಸ್ಸಿ. ಮಾತ್ರ ಅರಣ್ಯಶಾಸ್ತ್ರದಲ್ಲಿ ಪಡೆಯುವವರು ಈ ಪಾಲನ್ನು ನೆಚ್ಚಿಕೊಳ್ಳದೆ, ಆಯಾ ಅಧಿಸೂಚನೆಯನ್ನು ಪರಿಶೀಲಿಸತಕ್ಕದ್ದು. ಭಾರತೀಯ ಅರಣ್ಯ ಸೇವಾ ಪರೀಕ್ಷೆಗೆ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಒಳಗೊಂಡ ಪದವಿಯೇ ಸಾಕು. ಸ್ನಾತಕೋತ್ತರ ಪದವಿ ಕಡ್ಡಾಯವಲ್ಲ. ಮುಖ್ಯ ಪರೀಕ್ಷೆಯ ಎರಡು ಐಚ್ಛಿಕ ವಿಷಯಗಳಾಗಿ ಸಸ್ಯಶಾಸ್ತ್ರ ಮತ್ತು ಅರಣ್ಯಶಾಸ್ತ್ರವನ್ನು ಒಟ್ಟಿಗೆ ಆರಿಸಿಕೊಳ್ಳಬಹುದು.

4. ಕ್ಷೇತ್ರ ಅನುಭವ
ಪದವಿ ಅವಧಿಯಲ್ಲೇ ಸ್ಥಳೀಯ ಅಧ್ಯಯನ ಕೈಗೊಳ್ಳುವುದು ಉಪಯುಕ್ತ. ಮದ್ದೂರು ತಾಲ್ಲೂಕಿನಲ್ಲಿಯೇ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಗೂಡುಕಟ್ಟುವ ಕೊಕ್ಕರೆ ಬೆಳ್ಳೂರು ಇದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಭಾಗದಲ್ಲಿ ಕಾವೇರಿ ವನ್ಯಜೀವಿ ಧಾಮವಿದೆ. ವನ್ಯಜೀವಿ ಧಾಮದೊಳಗೆ ಸಂಶೋಧನೆ ನಡೆಸಲು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನ್ವಯ ಪೂರ್ವಾನುಮತಿ ಪಡೆಯುವುದು ಕಡ್ಡಾಯ.

5. ದಾಖಲೆಗಳು
ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ ಮತ್ತು ಅನ್ವಯವಾದಲ್ಲಿ ಜಾತಿ ಪ್ರಮಾಣಪತ್ರವನ್ನು ಸಿದ್ಧವಿರಿಸಿಕೊಳ್ಳತಕ್ಕದ್ದು. ರಾಜ್ಯದ ಮತ್ತು ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಗಳು ಒಂದೇ ಅಲ್ಲ. ರಾಜ್ಯದ ಪ್ರವರ್ಗ 2ಎ, 3ಎ ಇತ್ಯಾದಿ ಪ್ರಮಾಣಪತ್ರಗಳು ಕೇಂದ್ರ ಸಂಸ್ಥೆಗಳಲ್ಲಿ ಮಾನ್ಯವಾಗುವುದಿಲ್ಲ. ಅಲ್ಲಿ ಮೀಸಲಾತಿ ಕೋರುವವರು ತಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿರುವುದನ್ನು ಖಚಿತಪಡಿಸಿಕೊಂಡು, ಕೇಂದ್ರದ ನಮೂನೆಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.