ಸಾವನದುರ್ಗದ ದಾರಿಯಲ್ಲಿ ಸೀಜ್ ಆದ ಯೆಜ್ಡಿ ಮತ್ತು ಒಂದು ಹಿತ್ತಾಳೆ ಜೆಟ್‌ನ ಚರಿತ್ರೆ

ಮೊನ್ನೆ ಅಟ್ಟದ ಮೇಲಿನ ಹಳೇ ಬಿಸ್ಕತ್ತು ಡಬ್ಬ ಇಳಿಸಿದಾಗ ತಳದಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಕಡಲೆಕಾಳಿಗಿಂತ ಚಿಕ್ಕದಾದ ನಾಲ್ಕು ಹಿತ್ತಾಳೆ ತುಂಡುಗಳು. ನಡುವೆ ಸೂಜಿಯೂ ಕಷ್ಟಪಟ್ಟು ತೂರಬೇಕಾದಂಥ ತೂತು. ಮಗಳು "ಇದೇನಪ್ಪಾ, ಬುಗುಡಿ ತಿರುಪಾ?" ಅಂದಳು. ಅಲ್ಲಮ್ಮಾ, ಇದು ಕಾರ್ಬುರೇಟರಿನ ಜೆಟ್ ಅಂದೆ. ಕಾರ್ಬುರೇಟರ್ ಅಂದರೇನು ಅಂತ ಅವಳ ಮುಂದಿನ ಪ್ರಶ್ನೆ. ಅಲ್ಲಿಗೆ ನಾನು ಮುದುಕನಾದೆ ಅಂತ ಖಾತ್ರಿಯಾಯಿತು :-)

ಆ ಪೊಟ್ಟಣಕ್ಕೆ ಒಂದು ಕಥೆಯಿದೆ. ಕಾಲೇಜು ದಿನಗಳಲ್ಲಿ ಮಾವನಿಂದ ಬಂದ ಹಳೇ ಯೆಜ್ಡಿ ನನ್ನ ಹತ್ತಿರ ಇತ್ತು. ಗೆಳೆಯರ ಮಾತು ಕೇಳಿ ಎರಡೂ ಸೈಲೆನ್ಸರಿನ ಒಳಗಿನ ಬ್ಯಾಫಲ್ ಕಿತ್ತೆ. ಏರ್ ಫಿಲ್ಟರ್ ಡಬ್ಬ ತೆಗೆದು ಕಾರ್ಬುರೇಟರ್ ಬಾಯಿಗೆ ಒಂದು ಸ್ಪಂಜಿನ ಫಿಲ್ಟರ್ ಸಿಕ್ಕಿಸಿದೆ. ಸದ್ದು ಕೇಳಿದರೆ ಶೋಲಾವರಂ ರೇಸಿಗೆ ಹೊರಟ ಹಾಗೆ! ಒಂದು ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆ ಹಿಡಿದು ತಾವರೆಕೆರೆ ದಾಟಿ ಸಾವನದುರ್ಗದ ಕಡೆ ಹೊರಟೆವು. ನೇರ ರಸ್ತೆ ಸಿಕ್ಕಿತು ಅಂತ ಪೂರ್ತಿ ತಿರುಚಿದೆ. ಮೊದಲು ಗಾಡಿ ಹಿಂದೆಂದೂ ಓಡದ ಹಾಗೆ ಓಡಿತು. ಆಮೇಲೆ ಕಿಣಿಕಿಣಿ ಅಂತ ಒಂದು ಸದ್ದು. ಆಮೇಲೆ ಹಿಂದಿನ ಚಕ್ರವೇ ಕಟ್ಟಿಕೊಂಡು ಕಿರ್ರನೆ ಎಳೆಯಿತು. ಕ್ಲಚ್ ಹಿಡಿದಿದ್ದರಿಂದ ಹಲ್ಲು ಉಳಿಯಿತು. ಹಿಂದೆ ಕೂತಿದ್ದವನ ಮೊಣಕಾಲು ಉಳಿಯಲಿಲ್ಲ. ಸಾವನದುರ್ಗದ ಕೋಟೆ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆಗೆ ಶರಣಾಗಿತ್ತಂತೆ. ಅದೇ ಬೆಟ್ಟದ ಎದುರು ನನ್ನ ಪಿಸ್ಟನ್ನೂ ಶರಣಾಯಿತು.

ಗಾಡಿ ನೂಕಿಕೊಂಡು ಹೋಗಿ ಸೇರಿದ ಊರಿನಲ್ಲಿ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಇದ್ದರು. ಬೇರೇನೂ ಮುಟ್ಟದೆ ಮೊದಲು ಪ್ಲಗ್ ಬಿಚ್ಚಿ ನೋಡಿದರು. ಸುಣ್ಣದ ಹಾಗೆ ಬೆಳ್ಳಗಿತ್ತು. "ಗಾಳಿ ಜಾಸ್ತಿ ಕೊಟ್ಟೆ, ಊಟ ಯಾರು ಕೊಡ್ತಾರೆ?" ಅಂದರು. ಈ ಬರಹವೆಲ್ಲ ಆ ಒಂದು ಮಾತಿನ ವಿಸ್ತಾರ ಅಷ್ಟೆ.

ಕಾರ್ಬುರೇಟರ್ ಮಾಡುವ ಕೆಲಸ ಸರಳ. ಇಂಜಿನ್ ಗಾಳಿ ಎಳೆಯುತ್ತದೆ. ಆ ಗಾಳಿ ಒಂದು ಇಕ್ಕಟ್ಟಾದ ಗಂಟಲಿನಲ್ಲಿ ಹಾಯುವಾಗ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ತಗ್ಗಿದ ಒತ್ತಡಕ್ಕೆ ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ಟಿನ ತೂತಿನ ಮೂಲಕ ಮೇಲೆ ಚಿಮ್ಮುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಶಕ್ತಿ ಬೇಕಾದಾಗ 12.5-13 ಗ್ರಾಂ ಗಾಳಿಗೆ ಒಂದು ಗ್ರಾಂನಂತೆ ಸ್ವಲ್ಪ ಧಾರಾಳವಾಗಿ ಪೆಟ್ರೋಲು ಕೊಡುತ್ತಾರೆ. ಆ ಹೆಚ್ಚುವರಿ ಪೆಟ್ರೋಲು ಒಳಗಿನ ಬಿಸಿಯನ್ನೂ ಹದದಲ್ಲಿಡುತ್ತದೆ. ಕಾರ್ಖಾನೆಯವರು ತಮ್ಮ ಫಿಲ್ಟರ್ ಡಬ್ಬ, ತಮ್ಮ ಸೈಲೆನ್ಸರ್ ಎರಡನ್ನೂ ಲೆಕ್ಕ ಹಿಡಿದೇ ಜೆಟ್ ಆರಿಸಿರುತ್ತಾರೆ. ನಾವು ಡಬ್ಬ ಕಿತ್ತರೆ ಗಾಳಿಯ ದಾರಿಯ ತಡೆ ಹೋಗುತ್ತದೆ, ಪೆಟ್ರೋಲನ್ನು ಎಳೆಯುವ ಸೆಳೆತವೂ ಕಮ್ಮಿಯಾಗುತ್ತದೆ. ಜೆಟ್ ಮಾತ್ರ ಹಳೆಯದೇ. ಮಿಶ್ರಣ ತೆಳ್ಳಗಾಗಿ ಪಿಸ್ಟನ್ ಕಾಯುತ್ತದೆ.

ಯೆಜ್ಡಿಯಲ್ಲಿ ಇನ್ನೊಂದು ಅಪಾಯವಿತ್ತು. ಅದು ಎರಡು ಸ್ಟ್ರೋಕಿನ ಗಾಡಿ, ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಅಂದರೆ ಜೆಟ್ಟಿನ ತೂತು ಪೆಟ್ರೋಲನ್ನಷ್ಟೇ ಅಳೆಯುವುದಿಲ್ಲ, ಆಯಿಲನ್ನೂ ಅದೇ ಅಳೆಯುತ್ತದೆ. ಜೆಟ್ ಚಿಕ್ಕದಾದರೆ ಒಳಗೆ ಬಿಸಿ ಹೆಚ್ಚು, ಜಿಡ್ಡು ಕಮ್ಮಿ. ನನ್ನ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಈ ಗಾಡಿಗಳ ಕಥೆ ನಮ್ಮ ಮೈಸೂರಿನದೇ. ಇರಾನಿ ಕುಟುಂಬದವರು ಜಯಚಾಮರಾಜ ಒಡೆಯರ್ ಅವರ ಬೆಂಬಲದೊಂದಿಗೆ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅಲ್ಲಿಂದ ಜಾವಾಗಳು ಹೊರಬರತೊಡಗಿದವು. ಜೆಕೊಸ್ಲೊವಾಕಿಯಾದ ವಿನ್ಯಾಸ, 65 ಮಿ.ಮೀ. ಸಿಲಿಂಡರು, 75 ಮಿ.ಮೀ. ಓಟ, ಯಿಕೋವ್ ಕಾರ್ಬುರೇಟರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ಕರನ್ನೇ ಮುಂದಕ್ಕೆ ಮಡಿಸಿದರೆ ಗೇರಿನ ಲಿವರು! 1973ರಿಂದ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಸೈಲೆನ್ಸರಿನ ಒಳಗಿನ ಬ್ಯಾಫಲ್ ಬಿಚ್ಚಿ ಮಸಿ ಸುಟ್ಟು ತೊಳೆದು ಮತ್ತೆ ಹಾಕಲಿ ಅಂತಲೇ ಮಾಡಿದ್ದು. ನಮ್ಮ ಹುಡುಗರು ಬಿಚ್ಚಿದರು, ಹಾಕುವುದನ್ನು ಮರೆತರು.

ತಮಾಷೆ ನೋಡಿ. ಮೈಸೂರಿನಲ್ಲಿ ಜಾವಾ ಶುರುವಾದ ಅದೇ 1961ರಲ್ಲಿ, ಎರಡು ಸ್ಟ್ರೋಕಿನ ಸೈಲೆನ್ಸರಿನ ಗುಟ್ಟು ಒಂದು ದೇಶದಿಂದ ಇನ್ನೊಂದಕ್ಕೆ ಕದ್ದು ಸಾಗಿತು. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರು ಹೊಟ್ಟೆ ಉಬ್ಬಿದ ಎಕ್ಸಾಸ್ಟ್ ಕೊಳವೆಯನ್ನು ಪಳಗಿಸಿದ್ದ. ಹೊರಹೋಗುವ ಹೊಗೆಯ ಅಲೆ ಕೊಳವೆಯ ಇಳಿಜಾರಿಗೆ ಬಡಿದು ಹಿಂತಿರುಗಿ, ಹೊರಕ್ಕೆ ಸೋರುತ್ತಿದ್ದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳಬೇಕು, ಅದೇ ಉಪಾಯ. ಅವನ ರೇಸರ್ ಅರ್ನ್ಸ್ಟ್ ಡೆಗ್ನರ್ 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿನ ಹೊತ್ತಿಗೆ ತಪ್ಪಿಸಿಕೊಂಡು, ಆ ವಿದ್ಯೆಯನ್ನು ಸುಜುಕಿಗೆ ಒಯ್ದ. 1962ರಲ್ಲಿ ಸುಜುಕಿಗೆ 50 ಸಿಸಿಯ ವಿಶ್ವ ಪಟ್ಟ ಬಂತು, ಓಡಿಸಿದವನು ಡೆಗ್ನರನೇ.

ಇದರಿಂದ ನಾವು ಕಲಿಯಬೇಕಿದ್ದದ್ದು ಇಷ್ಟು: ಎರಡು ಸ್ಟ್ರೋಕಿನಲ್ಲಿ ಸೈಲೆನ್ಸರ್ ಅನ್ನುವುದು ಬರೀ ಹೊಗೆ ಕೊಳವೆಯಲ್ಲ, ಅದೂ ಇಂಜಿನ್ನಿನ ಒಂದು ಅಂಗ. ಸುಮ್ಮನೆ ಕತ್ತರಿಸಿದರೆ ಸದ್ದು ಸಿಗುತ್ತದೆ, ಪಿಕಪ್ ಸಿಗುವ ಖಾತ್ರಿಯಿಲ್ಲ. ನಾವು ಸದ್ದನ್ನೇ ವೇಗ ಅಂದುಕೊಂಡೆವು.

1980ರ ದಶಕದಲ್ಲಿ ಇನ್ನೆರಡು ಗಾಡಿಗಳು ಈ ಹುಚ್ಚಿಗೆ ತುಪ್ಪ ಸುರಿದವು. 1983ರಲ್ಲಿ ಬಂದ ರಾಜದೂತ್ 350 ಜಪಾನಿನಲ್ಲಿ 39 ಅಶ್ವಶಕ್ತಿಯ ಗಾಡಿಯಾಗಿತ್ತು. ನಮ್ಮ ಮೈಲೇಜಿನ ಚಿಂತೆಗೆ ಅದನ್ನು 30.5ಕ್ಕೆ, ಮತ್ತೊಂದು ಮಾದರಿಯಲ್ಲಿ 27ಕ್ಕೆ ಇಳಿಸಿದ್ದರು. ಕಂಪನಿ ಕಟ್ಟಿದ ಕೈಯನ್ನು ಬಿಡಿಸುವುದೇ ಅನೇಕ ಗ್ಯಾರೇಜುಗಳ ಕಸುಬಾಯಿತು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿ, 11 ಅಶ್ವಶಕ್ತಿ, ಆಯಿಲಿಗೆ ಪ್ರತ್ಯೇಕ ಪಂಪು. ಅದೇ ವರ್ಷ ಪೆಟ್ರೋಲು ಉಳಿಸುವ ಹೀರೋ ಹೋಂಡಾ ಸಿಡಿ 100 ಕೂಡ ಬಂತು. ಅಪ್ಪಂದಿರು ಸಿಡಿ 100 ಕೊಂಡರು, ಮಕ್ಕಳು ಆರ್‌ಎಕ್ಸ್‌ಗೆ ಆಸೆಪಟ್ಟರು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಜೆಟ್ ಹುಡುಕುವ ಹುಡುಗರು ಹುಟ್ಟಿಕೊಂಡದ್ದು ಹೀಗೆ.

ಬೆಂಗಳೂರಿನವರಿಗೆ ಭೂಗೋಳವೂ ಪಾಠ ಕಲಿಸಿತು. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಹಳೇ ವಿಮಾನ ಪಟ್ಟಿಯ ಮೇಲೆ ರೇಸು ನಡೆಯುತ್ತಿತ್ತು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬರುವವರೆಗೂ ದಕ್ಷಿಣದವರಿಗೆ ಅದೇ ಕಾಶಿ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿನ ಗಾಳಿ ಸಮುದ್ರ ಮಟ್ಟದ್ದಕ್ಕಿಂತ 8-9% ತೆಳು. ಇಲ್ಲಿ ಹದವಾಗಿ ಕೂರಿಸಿದ ಜೆಟ್ ಅಲ್ಲಿನ ದಟ್ಟ ಗಾಳಿಗೆ ಸಾಲದು, ಮಿಶ್ರಣ ಸುಮಾರು 4% ತೆಳ್ಳಗಾಗುತ್ತದೆ. ಅಂಚಿನಲ್ಲೇ ಓಡುವ ರೇಸಿನ ಇಂಜಿನ್ನಿಗೆ ಅಷ್ಟು ಸಾಕು, ಸೀಜ್. ಘಟ್ಟ ಇಳಿದಾಗ ಒಂದೆರಡು ಮೆಟ್ಟಿಲು ದೊಡ್ಡ ಜೆಟ್ ಹಾಕಬೇಕು.

ನಮ್ಮ ಮೆಕ್ಯಾನಿಕ್ ತಾತ ಕಲಿಸಿದ್ದೂ ಇಂಥದ್ದೇ ಶಿಸ್ತು. ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ಮೇಲೆ ಕೂರಿಸಿಕೊಂಡು ಹೇಳಿದರು. ಥ್ರಾಟಲ್ ಮುಚ್ಚಿದ್ದಾಗ ಪೈಲಟ್ ಜೆಟ್ಟಿನ ರಾಜ್ಯ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ನೀಡಲ್ಲಿನದು, ಅದರ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿದರೆ ಪೆಟ್ರೋಲು ಜಾಸ್ತಿ. ಮುಕ್ಕಾಲಿನ ಮೇಲೆ ಮೇನ್ ಜೆಟ್. ಮೊದಲು ಬೇಕೆಂದೇ ದೊಡ್ಡ ಜೆಟ್ ಹಾಕು, ಗಾಡಿ ಬುಡಬುಡ ಅನ್ನಲಿ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿ. ಪೂರ್ತಿ ಓಟದಲ್ಲಿ ಕ್ಲಚ್ ಹಿಡಿದು ಇಂಜಿನ್ ಆರಿಸಿ ಪ್ಲಗ್ ನೋಡು. ಮಸಿಯಾದರೆ ಇನ್ನೂ ಇಳಿ, ಸುಣ್ಣವಾದರೆ ತಕ್ಷಣ ಹತ್ತು, ಹುರಿದ ರಾಗಿಹಿಟ್ಟಿನ ಬಣ್ಣ ಬಂದರೆ ನಿಲ್ಲಿಸು. ಗಿಟಾರ್ ತಂತಿ ತೂರಿಸಿ ತೂತು ಅಗಲಿಸುವ ಜಾಣರನ್ನು ಕಂಡರೆ ಅವರಿಗೆ ಮೈಯುರಿ. ಯಾಕೆ ಅಂತ ಆಮೇಲೆ ಲೆಕ್ಕ ಹಾಕಿ ನೋಡಿದೆ. ಒಂದು ಮಿ.ಮೀ. ತೂತು 1.05 ಆದರೆ ಅದರ ವಿಸ್ತೀರ್ಣ ಹತ್ತು ಪ್ರತಿಶತ ಹೆಚ್ಚುತ್ತದೆ! ಕಣ್ಣಿಗೆ ಕಾಣದ ವ್ಯತ್ಯಾಸ, ಇಂಜಿನ್ನಿಗೆ ಮಾತ್ರ ಕಾಣುತ್ತದೆ. ಪೊಟ್ಟಣದಲ್ಲಿದ್ದ ನಾಲ್ಕು ಜೆಟ್ಟುಗಳು ಅವರೇ ಕೊಟ್ಟವು. ಮೂರನೆಯದು ಸರಿಹೋಯಿತು. ಕೊನೆಗೆ ಬ್ಯಾಫಲ್ಲನ್ನೂ ವಾಪಸ್ ಹಾಕಿಸಿದರು. ಆಗ ಮತ್ತೆ ಕಂಪನಿಯ ಜೆಟ್ಟೇ ಸಾಕಾಯಿತು ಅನ್ನುವುದು ಬೇರೆ ಮಾತು.

ಈ ವಿದ್ಯೆಯ ಕಾಲ ಮುಗಿಯುತ್ತಾ ಬಂತು. 1996ರಲ್ಲೇ ಯೆಜ್ಡಿ, ಆರ್‌ಎಕ್ಸ್ 100 ಎರಡೂ ನಿಂತವು. 2006ರಲ್ಲಿ ಗ್ಲಾಮರ್ ಎಫ್‌ಐ ಬಂದಾಗ ಕಾರ್ಬುರೇಟರ್ ಇಲ್ಲದ ಬೈಕೇ ಅಂತ ನಕ್ಕಿದ್ದೆವು. 2020ರ ಏಪ್ರಿಲ್ 1ರಿಂದ ಬಿಎಸ್ 6 ಜಾರಿಯಾದ ಮೇಲೆ ಬಹುತೇಕ ಹೊಸ ಪೆಟ್ರೋಲು ಬೈಕುಗಳಲ್ಲಿ ಜೆಟ್ ಬದಲಿಗೆ ಇಂಜೆಕ್ಟರು, ಸೆನ್ಸರು, ಒಂದು ಪುಟ್ಟ ಕಂಪ್ಯೂಟರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಹುಟ್ಟಿಬಂದದ್ದೂ ನಾಲ್ಕು ಸ್ಟ್ರೋಕಿನ, ಇಂಜೆಕ್ಷನ್ನಿನ ಅವತಾರದಲ್ಲಿ.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು, 2025ರ ಹೊತ್ತಿಗೆ ದೇಶದಲ್ಲಿ 20% ಎಥನಾಲ್ ಬೆರಕೆಯ ಗುರಿ ಮುಟ್ಟಿತು. ಎಥನಾಲ್ ಒಂದು ಗ್ರಾಂಗೆ 9 ಗ್ರಾಂ ಗಾಳಿ ಸಾಕು. ಹಾಗಾಗಿ ಇ20ಗೆ 14.7ರ ಬದಲು ಸುಮಾರು 13.5. ಅದೇ ಗಾಳಿಗೆ ಸುಮಾರು 9% ಹೆಚ್ಚು ಇಂಧನ ಬೇಕು. ಹೊಸ ಗಾಡಿಯ ಕಂಪ್ಯೂಟರು ಅದನ್ನು ಸರಿದೂಗಿಸಿಕೊಳ್ಳುತ್ತದೆ, ಹಿತ್ತಾಳೆ ತೂತಿಗೆ ಆ ಬುದ್ಧಿಯಿಲ್ಲ. ಅಂದರೆ ಸೈಲೆನ್ಸರ್ ಮುಟ್ಟದೆ, ಫಿಲ್ಟರ್ ಕೀಳದೆ ಜೋಪಾನವಾಗಿ ಇಟ್ಟುಕೊಂಡ ಅಪ್ಪನ ಯೆಜ್ಡಿಯೂ ಈಗ ತೆಳ್ಳಗೆ ಓಡುತ್ತಿರಬಹುದು. ಅಂದು ನಾನು ಕೊಬ್ಬಿಗೆ ಮಾಡಿಕೊಂಡದ್ದು ಇಂದು ಪಂಪಿನಲ್ಲೇ ಸಿಗುತ್ತಿದೆ! ಕಬ್ಬು ಬೆಳೆಯುವ ರೈತನಿಗೆ ನಾಲ್ಕು ಕಾಸು ಸಿಗಲಿ, ಬೇಡ ಅನ್ನುವವನು ನಾನಲ್ಲ. ಹಳೇ ಗಾಡಿ ಇಟ್ಟುಕೊಂಡವರು ಮಾತ್ರ ಪ್ಲಗ್ ಬಿಚ್ಚಿ ನೋಡಿ, ರಬ್ಬರ್ ಪೈಪುಗಳನ್ನೂ ನೋಡಿ.

ಇನ್ನು ಬ್ಯಾಫಲ್ ಕೀಳುವ ಹುಡುಗರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆ, ಪೊಲೀಸರು ರೋಲರ್ ಹತ್ತಿಸಿ ಅಪ್ಪಚ್ಚಿ ಮಾಡುವ ಸೈಲೆನ್ಸರುಗಳ ರಾಶಿ, ಅದೆಲ್ಲ ನಿಮಗೆ ಗೊತ್ತು. ಭಾನುವಾರ ಬೆಳಿಗ್ಗೆ ಸಾವನದುರ್ಗದ ಬುಡದಲ್ಲಿ ಒಮ್ಮೆ ಇಂಜಿನ್ ಆರಿಸಿ ನಿಂತು ನೋಡಿ. ನನಗೆ ಆ ಬಂಡೆಯ ಮೌನ ಮೊದಲು ಕೇಳಿಸಿದ್ದು ಗಾಡಿ ಸೀಜ್ ಆದ ಮೇಲೆ. ನಿಮಗೆ ಅಷ್ಟು ಖರ್ಚಿಲ್ಲದೆ ಕೇಳಿಸಲಿ.

ಕಳೆದ ಸಲ ಆ ಕಡೆ ಹೋದಾಗ ತಾತನ ಗ್ಯಾರೇಜು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಜೆಟ್ಟುಗಳನ್ನು ಮತ್ತೆ ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದ್ದೇನೆ. ಈ ಸಲ ಮೇಲೆ ನಂಬರು ಬರೆದು, ಯಾವುದು ಯಾತಕ್ಕೆ ಅಂತಲೂ ಒಂದೊಂದು ಸಾಲು ಬರೆದಿಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೊಟ್ಟಣ ಇದ್ದರೆ, ಬಿಸಾಡುವ ಮುಂಚೆ ಅದರ ಕಥೆ ಬರೆದಿಡಿ.