ಮುಡಿಪಿನಿಂದ ಪಿಗ್ಮಿಯವರೆಗೆ

ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತ ಮನೆಗಳಲ್ಲಿ ಮುಡಿಪು ಕಟ್ಟಿಡುವ ಪದ್ಧತಿ ಹಳೆಯದು. ಬಟ್ಟೆಯ ತುಂಡಿನಲ್ಲಿ ನಾಣ್ಯಗಳನ್ನು ಗಂಟುಕಟ್ಟಿ ದೇವರ ಮುಂದಿಟ್ಟರಾಯಿತು. ಕುಕ್ಕೆಗೆ ಹೋಗಿ ಒಪ್ಪಿಸುವವರೆಗೆ ಎಂಥ ಮುಗ್ಗಟ್ಟು ಬಂದರೂ ಯಾರೂ ಅದಕ್ಕೆ ಕೈಹಾಕುವಂತಿಲ್ಲ. ಭಕ್ತಿಯ ಮಾತು ಹಾಗಿರಲಿ, ಕೈಯಲ್ಲಿರುವ ಹಣವೆಲ್ಲ ಖರ್ಚಿನ ಹಣವಲ್ಲ ಎಂಬ ಮೊದಲ ಪಾಠವನ್ನು ಮನೆಯ ಮಕ್ಕಳಿಗೆ ಹೇಳಿದ್ದು ಈ ಗಂಟೇ.

ಕುಮಾರಪರ್ವತದ ತಪ್ಪಲಿನ ಈ ಸೀಮೆಯಲ್ಲಿ ಕೂಡಿಡದೆ ಬಾಳುವಂತಿರಲಿಲ್ಲ. ಕುಮಾರಧಾರೆ ಉಕ್ಕಿ ದಾರಿ ಮುಚ್ಚುವ ಮೊದಲೇ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ, ಹಪ್ಪಳ ಒಣಗಿಸಿ, ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡಬೇಕು. ಆಟಿ ತಿಂಗಳನ್ನು ದಾಟಿಸುವ ಈ ಲೆಕ್ಕ ಗೃಹಿಣಿಗೆ ಬಾಯಿಪಾಠವಾಗಿತ್ತು. ಆದರೆ ಅದು ದವಸದ ಲೆಕ್ಕ. ಹಣದ ಲೆಕ್ಕದ ರೀತಿಯೇ ಬೇರೆ. ಅಡಕೆಯ ಹುಟ್ಟುವಳಿ ವರ್ಷಕ್ಕೊಮ್ಮೆ ಯಜಮಾನನ ಕೈಸೇರುತ್ತಿತ್ತು. ಸಾಲವೆಷ್ಟು, ಬಡ್ಡಿಯೆಷ್ಟು, ತೀರ್ವೆಯೆಷ್ಟು ಎಂಬುದು ಅವನೊಬ್ಬನಿಗೇ ಗೊತ್ತು. ಅವನು ಕಣ್ಣುಮುಚ್ಚಿದ ಮೇಲೆ ಅಡವಿನ ಪತ್ರ ಹೊರಬಿದ್ದು, ಮನೆಮಂದಿ ದಿಕ್ಕೆಟ್ಟು ನಿಂತದ್ದೂ ಉಂಟು. ಕಾರಂತರ ‘ಮರಳಿ ಮಣ್ಣಿಗೆ’ಯ ಲಚ್ಚನನ್ನು ಓದುಗರು ಬಲ್ಲರು. ಶಾಲೆ ಅವನಿಗೆ ಅಕ್ಷರ ಕಲಿಸಿತು. ಹಿರಿಯರ ದುಡಿಮೆಯ ಬೆಲೆಯನ್ನು ಕಲಿಸಲಿಲ್ಲ.

ಸಾಲದ ಈ ಕತ್ತಲೆಗೆ ಮೊದಲ ದೀಪ ಹಚ್ಚಿದವರಲ್ಲಿ ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು ಪ್ರಮುಖರು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದ ಐದೇ ವರ್ಷಗಳಲ್ಲಿ, ೧೯೦೯ರಲ್ಲಿ, ಪುತ್ತೂರಿನಲ್ಲಿ ಸಹಕಾರಿ ಸಂಘವು ತಲೆಯೆತ್ತಿತು. ೧೯೧೪ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕೂ ಅಲ್ಲಿಯೇ ಹುಟ್ಟಿತು. ಒಬ್ಬ ಸಾಹುಕಾರನ ಕಡತದಲ್ಲಿ ಅಡಗಿರುತ್ತಿದ್ದ ಸಾಲವು ಸದಸ್ಯರೆಲ್ಲರಿಗೆ ಉತ್ತರ ಹೇಳಬೇಕಾದ ಸಂಘದ ಪುಸ್ತಕಕ್ಕೆ ಏರಿತು.

ಉಳಿತಾಯದ ಕಥೆ ಉಡುಪಿಯದು. ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಇವರು ೧೯೨೫ರಲ್ಲಿ ೮,೦೦೦ ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ೧೯೨೮ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಲೆಕ್ಕ ಬರೆಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚಪಡುವವರ ಜಗಲಿಗೆ ಬ್ಯಾಂಕೇ ನಡೆದುಬಂತು. ಬ್ಯಾಂಕು ೧೯೬೯ರಲ್ಲಿ ರಾಷ್ಟ್ರೀಕರಣಗೊಂಡು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಪಿಗ್ಮಿ’ ಎಂಬ ಮಾತು ಮಾತ್ರ ಕನ್ನಡದ ಮಾತೇ ಆಗಿ ಉಳಿಯಿತು.

ಮುಡಿಪಿಗೂ ಪಿಗ್ಮಿಗೂ ಇರುವ ಅಂತರವನ್ನು ಗಮನಿಸಬೇಕು. ಮುಡಿಪು ಕಟ್ಟಿದ ಗಂಟು. ಒಳಗೆಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಪಿಗ್ಮಿಯಲ್ಲಿ ಬರೆದ ಲೆಕ್ಕವಿದೆ. ಓದಬಲ್ಲವರು ಓದಿ ನೋಡಬಹುದು. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯವನ್ನು ನಬಾರ್ಡ್ ೧೯೯೨ರಲ್ಲಿ ಆರಂಭಿಸಿದ ಮೇಲೆ, ಕಟ್ಟಿದ್ದೆಷ್ಟು, ಪಡೆದದ್ದೆಷ್ಟು ಎಂಬುದನ್ನು ಸಭೆಯಲ್ಲಿ ಕೇಳುವ ಅವಕಾಶ ಹಳ್ಳಿಯ ಹೆಂಗಸರಿಗೂ ಒದಗಿತು. ಆದರೆ ಸಂಘದ ಪುಸ್ತಕದಲ್ಲಿ ಉಳಿತಾಯವೂ ಸಾಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ಅದನ್ನು ಓದಲು ಬಾರದಿದ್ದರೆ ಪುಸ್ತಕವೂ ಹಳೆಯ ಯಜಮಾನನ ಪೆಟ್ಟಿಗೆಯೇ ಸರಿ.

ಇನ್ನು ಉಳಿದವರು ಮನೆಯ ಎಳೆಯರು. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಬಹುದೆಂದು ರಿಸರ್ವ್ ಬ್ಯಾಂಕು ೨೦೧೪ರಲ್ಲಿ ಅನುಮತಿಸಿತು. ಖಾತೆ ದೊರೆತ ಮಾತ್ರಕ್ಕೆ ವಿವೇಕ ದೊರೆಯದು. ಇಂದು ದೂರವಾಣಿಯ ಗಾಜಿನ ಮೇಲೆ ಬೆರಳಾಡಿಸಿದರೆ ಹಣ ಸಂದಾಯವಾಗುತ್ತದೆ. ನಾಣ್ಯದ ಭಾರವನ್ನೇ ಅರಿಯದ ಕೈಗೆ ಅದರ ಬೆಲೆ ಹೇಗೆ ತಿಳಿಯಬೇಕು?

ಉಳಿಸುವುದನ್ನು ನಮ್ಮ ಹಿರಿಯರು ಚೆನ್ನಾಗಿಯೇ ಕಲಿಸಿದರು. ಲೆಕ್ಕವನ್ನು ಹಂಚಿಕೊಳ್ಳುವುದನ್ನು ಕಲಿಸಲು ಮರೆತರು. ತಿಂಗಳಿಗೊಮ್ಮೆ ಮನೆಯ ಆದಾಯ, ವೆಚ್ಚ, ಸಾಲಗಳನ್ನು ಒಂದು ಹಾಳೆಯಲ್ಲಿ ಬರೆದು, ಹದಿನೈದರ ಮಗನ ಮುಂದೆಯೂ ಮಗಳ ಮುಂದೆಯೂ ಇಡುವುದು ಕಷ್ಟದ ಕೆಲಸವಲ್ಲ, ಮನಸ್ಸು ಬೇಕಷ್ಟೆ. ದೇವರ ಮುಡಿಪು ಗಂಟಾಗಿಯೇ ಇರಲಿ, ಸಂಸಾರದ ಗಂಟನ್ನು ಮಾತ್ರ ಮಕ್ಕಳೆದುರು ಬಿಚ್ಚೋಣ.